ಕಲ್ಲಂಗಡಿ ರಸ ಸುರಿದು ಹೆಸರಿಟ್ಟ ಊರು: ಇಲಿನಾಯ್‌ನ ಲಿಂಕನ್ ಹುಟ್ಟಿದ್ದು ಹೇಗೆ?

ಅರವತ್ತಾರರ_ದಾರಿ

ಎಲ್ಲರಿಗೂ ನಮಸ್ಕಾರ. ನಾವಿರುವುದು ಇಲಿನಾಯ್ ರಾಜ್ಯದ ಬ್ಲೂಮಿಂಗ್‌ಟನ್‌ನಲ್ಲಿ. ಊರಿಂದ ಅಪ್ಪ ಅಮ್ಮ ಬಂದಿದ್ದಾರೆ. ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಅಬ್ರಹಾಂ ಲಿಂಕನ್ ಮನೆ ತೋರಿಸಲು ಕರೆದುಕೊಂಡು ಹೋಗುವಾಗ, ಮಧ್ಯದಲ್ಲಿ ಲಿಂಕನ್ ಅನ್ನೋ ಊರು ಸಿಗುತ್ತದೆ. ಲೋಗನ್ ಕೌಂಟಿಯ ಕೇಂದ್ರ. ಕಾಫಿಗೆ ಅಂತ ಇಳಿದವರು ಅರ್ಧ ದಿನ ಅಲ್ಲೇ ಸುತ್ತಿದೆವು.

ಈಗ ತಲೆ ಕೆಟ್ಟಿದೆ. ಊರ ನಡುವೆ ದೊಡ್ಡ ಗುಮ್ಮಟದ ಕೋರ್ಟ್ ಕಟ್ಟಡ ಇದೆ. ಊರಿನ ಪಶ್ಚಿಮಕ್ಕೆ ಪೋಸ್ಟ್‌ವಿಲ್ ಅನ್ನೋ ಕಡೆ ಮರದ ಹಳೇ ಕೋರ್ಟ್ ಇದೆ, ಆದರೆ ಅದು ನಕಲಂತೆ, ಅಸಲಿ ಕಟ್ಟಡ ಮಿಶಿಗನ್‌ನಲ್ಲಿದೆಯಂತೆ! ಹನ್ನೆರಡು ಮೈಲಿ ಆಚೆ ಮೌಂಟ್ ಪುಲಾಸ್ಕಿಯಲ್ಲಿ ಇನ್ನೊಂದು ಕೋರ್ಟ್, ಅದೂ ಇದೇ ಕೌಂಟಿಯದೇ. ಅಪ್ಪ ಕಂದಾಯ ಇಲಾಖೆಯಲ್ಲಿದ್ದವರು. "ಒಂದು ತಾಲ್ಲೂಕಿಗೆ ಎಷ್ಟೋ ಕಚೇರಿ ಇವರದು?" ಅಂತ ಕೇಳಿದರು. ನನಗೆ ಉತ್ತರ ಗೊತ್ತಿರಲಿಲ್ಲ. ರೈಲ್ವೆ ಸ್ಟೇಷನ್ ಹತ್ತಿರ ಕಲ್ಲಂಗಡಿ ಹೋಳಿನದೊಂದು ಸ್ಮಾರಕ ಬೇರೆ. ಇದರ ಹಿಂದುಮುಂದು ತಿಳಿದವರು ಯಾರಾದರೂ ಇದ್ದೀರಾ?

ಹಳೇ_ನಕ್ಷೆ

ಇದ್ದೇವೆ ಸ್ವಾಮಿ. ಈ ಭಾಗದ ಹಳೇ ಊರುಗಳ ಕಥೆ ಓದೋದು ನನಗೊಂದು ಹುಚ್ಚು. ನಿಮ್ಮ ತಂದೆಯವರ ಪ್ರಶ್ನೆ ಸರಿಯಾಗೇ ಇದೆ. ಮೂರೂ ಒಂದೇ ಕೌಂಟಿಯ ಕೋರ್ಟ್, ಆದರೆ ಒಂದರ ನಂತರ ಒಂದು. ಹದಿನೈದೇ ವರ್ಷದಲ್ಲಿ ಕೌಂಟಿ ಕೇಂದ್ರ ಮೂರು ಊರು ಕಂಡಿತು.

ಲೋಗನ್ ಕೌಂಟಿ ಹುಟ್ಟಿದ್ದು 1839ರಲ್ಲಿ. ಅದಕ್ಕೂ ಮುಂಚೆ ಇದೆಲ್ಲ ಸ್ಯಾಂಗಮನ್ ಅನ್ನೋ ದೊಡ್ಡ ಕೌಂಟಿಯ ಭಾಗ. ಅದನ್ನು ಒಡೆದು ಹೊಸ ಕೌಂಟಿಗಳನ್ನು ಮಾಡಿದಾಗ ಶಾಸನಸಭೆಯಲ್ಲಿ ಮುಂದೆ ನಿಂತು ಕೆಲಸ ಮಾಡಿದವನು ಯಾರು ಗೊತ್ತಾ? ಮೂವತ್ತು ವರ್ಷದ ಶಾಸಕ ಅಬ್ರಹಾಂ ಲಿಂಕನ್. ಲೋಗನ್ ಅನ್ನೋ ಹೆಸರು ಅವನ ಜೊತೆಯ ಶಾಸಕ ಡಾಕ್ಟರ್ ಜಾನ್ ಲೋಗನ್‌ನದು. ಅಂದರೆ ಊರಿಗೆ ಲಿಂಕನ್ ಹೆಸರು ಬರುವುದಕ್ಕೆ 14 ವರ್ಷ ಮುಂಚೆಯೇ ಕೌಂಟಿಯಲ್ಲಿ ಲಿಂಕನ್ ಕೈ ಇತ್ತು.

ಮೊದಲ ಕೇಂದ್ರ ಪೋಸ್ಟ್‌ವಿಲ್. ರಸೆಲ್ ಪೋಸ್ಟ್ ಅನ್ನೋನು 1835ರಲ್ಲಿ ಬೀದಿ ಗುರುತು ಮಾಡಿ ಸೈಟು ಹಂಚಿದ ಊರು. 1840ರಲ್ಲಿ ಎರಡಂತಸ್ತಿನ ಮರದ ಕೋರ್ಟ್ ಕಟ್ಟಿದರು. 1848ರಲ್ಲಿ ಕೇಂದ್ರ ಮೌಂಟ್ ಪುಲಾಸ್ಕಿಗೆ ಹೋಯಿತು. ಆಮೇಲೆ ರೈಲು ಬಂತು, 1853ರಲ್ಲಿ ಲಿಂಕನ್ ಊರು ಹುಟ್ಟಿತು, ಕೇಂದ್ರ ಅಲ್ಲಿಗೆ ಬಂತು. ಪೋಸ್ಟ್‌ವಿಲ್ ಕೊನೆಗೆ ಲಿಂಕನ್ ಊರಿನೊಳಗೇ ಸೇರಿಹೋಯಿತು.

ಮಿಶಿಗನ್ ವಿಷಯ: 1929ರಲ್ಲಿ ಕಾರಿನ ಹೆನ್ರಿ ಫೋರ್ಡ್ ಪೋಸ್ಟ್‌ವಿಲ್‌ನ ಆ ಕಟ್ಟಡ ಕೊಂಡ. ಹಲಗೆ ಹಲಗೆ ಬಿಚ್ಚಿಸಿ ಡಿಯರ್‌ಬಾರ್ನ್‌ನ ತನ್ನ ಗ್ರೀನ್‌ಫೀಲ್ಡ್ ವಿಲೇಜ್ ವಸ್ತುಸಂಗ್ರಹಾಲಯಕ್ಕೆ ಸಾಗಿಸಿ ಅಲ್ಲಿ ಜೋಡಿಸಿದ. ಈಗಲೂ ಅಲ್ಲೇ ಇದೆ. ಊರವರಿಗೆ ಉಳಿದದ್ದು ಖಾಲಿ ಜಾಗ. 1953ರಲ್ಲಿ, ಊರಿಗೆ ನೂರು ತುಂಬಿದಾಗ, ಅದೇ ಜಾಗದಲ್ಲಿ ನಕಲು ಕಟ್ಟಿದರು. ನೀವು ನೋಡಿದ್ದು ಅದು.

ಚಿಕಾಗೋ_ಚಳಿ

ಅಲ್ಲ, ದುಡ್ಡಿದ್ದರೆ ಊರಿನ ಕೋರ್ಟನ್ನೇ ಎತ್ತಿಕೊಂಡು ಹೋಗಬಹುದಾ! 😀

ಒಂದು ಸಣ್ಣ ಅನುಮಾನ. ಈ ಕೌಂಟಿ ಕೇಂದ್ರಕ್ಕೆ ಇಷ್ಟೊಂದು ಕಿತ್ತಾಟ ಯಾಕೆ? ಒಂದು ಕೋರ್ಟ್, ಒಂದು ಜೈಲು. ಅದರಿಂದ ಊರಿಗೆ ಏನು ಸಿಗುತ್ತಿತ್ತು?

ಕರಿಕೋಟು

ಚಳಿಯವರೇ, ನಾನು ವಕೀಲಿ ಮಾಡುವವನು, ಅದಕ್ಕೆ ಇದಕ್ಕೆ ಬಾಯಿ ಹಾಕುತ್ತೇನೆ.

ಜಮೀನಿನ ಪತ್ರ ನೋಂದಣಿ, ತೆರಿಗೆ, ಮದುವೆ ಪರವಾನಗಿ, ಉಯಿಲು, ಸಾಲದ ದಾವೆ, ಎಲ್ಲದಕ್ಕೂ ಜನ ಅದೇ ಊರಿಗೆ ಬರಬೇಕು. ಬಂದವರು ಕುದುರೆ ಕಟ್ಟಬೇಕು, ಊಟ ಮಾಡಬೇಕು, ರಾತ್ರಿ ಉಳಿಯಬೇಕು, ಹೇಗೂ ಬಂದಿದ್ದೀವಿ ಅಂತ ಉಪ್ಪು, ಮೊಳೆ, ಬಟ್ಟೆ ಕೊಳ್ಳಬೇಕು. ವಕೀಲರು, ಪತ್ರಿಕೆ, ಹೋಟೆಲು ಎಲ್ಲ ಅಲ್ಲೇ ನೆಲೆಯೂರುತ್ತವೆ. ಕೋರ್ಟ್ ಚೌಕದ ಸುತ್ತ ಇರುವ ಸೈಟಿಗೆ ಬೆಲೆ ಬರುವುದು ಹಾಗೆ.

ಜೊತೆಗೆ ಸರ್ಕಿಟ್ ಕೋರ್ಟ್. ಆ ಕಾಲದಲ್ಲಿ ನ್ಯಾಯಾಧೀಶ ಒಂದು ಕಡೆ ಕೂರುತ್ತಿರಲಿಲ್ಲ. ವರ್ಷಕ್ಕೆ ಎರಡು ಸಲ, ವಸಂತದಲ್ಲಿ ಒಮ್ಮೆ, ಶರತ್ಕಾಲದಲ್ಲಿ ಒಮ್ಮೆ, ಕೌಂಟಿಯಿಂದ ಕೌಂಟಿಗೆ ಸವಾರಿ. ಹಿಂದೆ ವಕೀಲರ ದಂಡು. ಲೋಗನ್ ಕೌಂಟಿ ಇದ್ದದ್ದು ಎಂಟನೇ ಸರ್ಕಿಟ್‌ನಲ್ಲಿ. ಒಂದು ಹಂತದಲ್ಲಿ ಅದರಲ್ಲಿ 14 ಕೌಂಟಿಗಳಿದ್ದವು. ನ್ಯಾಯಾಧೀಶ ಡೇವಿಡ್ ಡೇವಿಸ್, ನಿಮ್ಮ ಬ್ಲೂಮಿಂಗ್‌ಟನ್‌ನವನೇ. ಅವನ ಬಂಗಲೆ ಈಗ ವಸ್ತುಸಂಗ್ರಹಾಲಯ. ಭಾರೀ ದಪ್ಪ ಮನುಷ್ಯ. ಹೋಟೆಲಿನಲ್ಲಿ ಒಂದೊಂದು ಮಂಚದಲ್ಲಿ ಇಬ್ಬಿಬ್ಬರು ವಕೀಲರು ಮಲಗಿದರೂ ಅವನಿಗೆ ಮಾತ್ರ ಪೂರಾ ಮಂಚ. ಆ ದಂಡಿನಲ್ಲಿ ವರ್ಷ ವರ್ಷ ತಪ್ಪದೆ ಸುತ್ತಿದವನು ಲಿಂಕನ್. ಕೋರ್ಟ್ ನಡೆಯುವ ವಾರ ಊರಿಗೆ ಜಾತ್ರೆಯೇ.

ಜೋಳದ_ಹೊಲ

ಪೋಸ್ಟ್‌ವಿಲ್‌ನ ಒಂದು ಕಥೆ ಇಲ್ಲಿನ ಹಳಬರು ಈಗಲೂ ಹೇಳುತ್ತಾರೆ. ಕೇಸು ಕೂಗಿದಾಗ ಲಿಂಕನ್ ಪತ್ತೆ ಇಲ್ಲ. ಹುಡುಕಿಕೊಂಡು ಹೋದರೆ ಬಯಲಿನಲ್ಲಿ ಹುಡುಗರ ಜೊತೆ ಚೆಂಡಾಟ ಆಡ್ತಾ ಇದ್ದನಂತೆ. ಆ ಬಯಲು ಈಗ ಪೋಸ್ಟ್‌ವಿಲ್ ಪಾರ್ಕ್.

ಹಳೇ_ನಕ್ಷೆ ಸರ್, ರೈಲು ಬಂತು, ಊರು ಹುಟ್ಟಿತು ಅಂತ ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿರಿ. ಅಸಲಿ ಮಸಾಲೆ ಅಲ್ಲೇ ಇರೋದು ಅಲ್ವಾ? ಅದನ್ನ ಬಿಡಿಸಿ ಹೇಳಿ.

ಹಳೇ_ನಕ್ಷೆ

ಹೇಳ್ತೀನಿ. ಸ್ವಲ್ಪ ಉದ್ದ ಆಗುತ್ತೆ, ಬೈಕೋಬೇಡಿ.

ಆಲ್ಟನ್ ಮತ್ತು ಸ್ಯಾಂಗಮನ್ ಅನ್ನೋ ರೈಲು ಕಂಪನಿ ಮಿಸಿಸಿಪಿ ದಂಡೆಯ ಆಲ್ಟನ್‌ನಿಂದ ಹಳಿ ಹಾಕುತ್ತಾ 1852ರಲ್ಲಿ ಸ್ಪ್ರಿಂಗ್‌ಫೀಲ್ಡ್ ತಲುಪಿತು. ಮುಂದಿನ ಗುರಿ ಬ್ಲೂಮಿಂಗ್‌ಟನ್. ನಡುವೆ ಲೋಗನ್ ಕೌಂಟಿ. ಹಳಿ ಮೌಂಟ್ ಪುಲಾಸ್ಕಿಯ ಕಡೆ ತಿರುಗಲಿಲ್ಲ. ಪೋಸ್ಟ್‌ವಿಲ್ ಊರೊಳಗೂ ಹೋಗಲಿಲ್ಲ, ಅದರ ಪೂರ್ವಕ್ಕೆ ಸುಮಾರು ಒಂದು ಮೈಲಿ ಆಚೆ ಖಾಲಿ ಹುಲ್ಲುಗಾವಲಿನಲ್ಲಿ ಹಾದುಹೋಯಿತು.

ಆ ಖಾಲಿ ನೆಲದ ಮೇಲೆ ಮೂರು ಜನರ ಕಣ್ಣು ಬಿತ್ತು. ಒಬ್ಬ ವರ್ಜಿಲ್ ಹಿಕಾಕ್ಸ್, ರೈಲು ಕಂಪನಿಯ ನಿರ್ದೇಶಕರಲ್ಲೊಬ್ಬ. ಇನ್ನೊಬ್ಬ ಜಾನ್ ಗಿಲೆಟ್, ಎಲ್ಕ್‌ಹಾರ್ಟ್ ಕಡೆಯ ದೊಡ್ಡ ಜಮೀನ್ದಾರ, ಮುಂದೆ ದನ ಸಾಕಿ ಇಂಗ್ಲೆಂಡಿಗೆ ಕಳಿಸಿ ಹೆಸರು ಮಾಡಿದವನು. ಮೂರನೆಯವನು ರಾಬರ್ಟ್ ಲ್ಯಾಥಮ್, ಕೌಂಟಿಯ ಶೆರಿಫ್, ಅಂದರೆ ಪೊಲೀಸ್ ಅಧಿಕಾರಿ ಆಗಿದ್ದವನು. ನೋಡಿ ಹೇಗಿದೆ ಜೋಡಿ. ಒಬ್ಬನಿಗೆ ಹಳಿ ಎಲ್ಲಿ ಬರುತ್ತೆ ಅಂತ ಗೊತ್ತು, ಒಬ್ಬನ ಹತ್ತಿರ ದುಡ್ಡು, ಒಬ್ಬನಿಗೆ ಕೌಂಟಿಯ ಮನೆ ಮನೆ ಪರಿಚಯ. ನೆಲದ ಮಾಲೀಕ ಐಸಾಕ್ ಲೂಸ್ ಇದ್ದದ್ದು ದೂರದ ಪೆನ್ಸಿಲ್ವೇನಿಯಾದಲ್ಲಿ. ಲ್ಯಾಥಮ್ ಅಲ್ಲಿಗೇ ಹೋಗಿ ವ್ಯಾಪಾರ ಕುದುರಿಸಿಕೊಂಡು ಬಂದ.

ಬೆಂಗಳೂರಿನವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ರಿಂಗ್ ರೋಡ್ ಎಲ್ಲಿ ಬರುತ್ತೆ ಅಂತ ಮೊದಲೇ ಗೊತ್ತಿದ್ದವರು ಸುಮ್ನೆ ಹೋಗಿ ಜಾಗ ಹಿಡಿದ ಹಾಗೆ.

ಆದರೆ ಅವರು ಅಲ್ಲಿಗೆ ನಿಲ್ಲಲಿಲ್ಲ. ಬರೀ ಸ್ಟೇಷನ್ ಇದ್ದರೆ ಸೈಟಿಗೆ ಎಷ್ಟು ಬೆಲೆ ಬಂದೀತು? ಕೋರ್ಟೂ ಅಲ್ಲಿಗೇ ಬಂದರೆ ಮಾತೇ ಬೇರೆ. 1853ರಲ್ಲೇ ಶಾಸನಸಭೆಯಿಂದ ಕೇಂದ್ರ ಬದಲಿಸುವ ಕಾಯ್ದೆ ಮಾಡಿಸಿಕೊಂಡರು. ಕೌಂಟಿಯ ಜನ ಮತ ಹಾಕಿ ಒಪ್ಪಿದರು. ನನ್ನ ಪ್ರಕಾರ ಊರಿನ ನಿಜವಾದ ಹುಟ್ಟು ಇದೇ. ಕಲ್ಲಂಗಡಿ ಬಂದದ್ದು ಆಮೇಲೆ, ಸೈಟು ಮಾರುವ ದಿನ.

ಕಾಗದಪತ್ರಕ್ಕೆ ಹೋದದ್ದು ಸ್ಪ್ರಿಂಗ್‌ಫೀಲ್ಡ್‌ನ ಲಿಂಕನ್ ಕಚೇರಿಗೆ. ಅವನು ಆಗ ರೈಲು ಕಂಪನಿಗಳ ಕೇಸು ನಡೆಸುತ್ತಿದ್ದ ವಕೀಲ. ಸೈಟು ಮಾರಲು ಲ್ಯಾಥಮ್‌ಗೆ ಅಧಿಕಾರ ಕೊಡುವ ಪತ್ರ, ಅಂದರೆ ನಮ್ಮ ಜಿಪಿಎ ಥರದ್ದು, ಅವನೇ ಬರೆದ. ಊರಿಗೆ ಹೆಸರು ಬೇಕಲ್ಲ? ನಿನ್ನ ಹೆಸರೇ ಇಡ್ತೀವಿ ಅಂದರು. ಲಿಂಕನ್ ಅನ್ನೋ ಹೆಸರಿನದ್ದು ಯಾವುದೂ ಉದ್ಧಾರ ಆಗಿದ್ದು ನಾನು ಕಾಣೆ ಅಂತ ಅವನು ನಕ್ಕನಂತೆ. ಒಪ್ಪಿಕೊಂಡ. ಅವನು ಅಧ್ಯಕ್ಷನಾಗುವ ಮುಂಚೆ, ಅವನಿಗೆ ಗೊತ್ತಿದ್ದೇ, ಅವನ ಹೆಸರು ಹೊತ್ತ ಊರು ಇದು. ನೆಬ್ರಾಸ್ಕಾದ ಲಿಂಕನ್‌ಗೆ ಆ ಹೆಸರು ಬಂದದ್ದು 1867ರಲ್ಲಿ, ಅವನು ಸತ್ತ ಮೇಲೆ.

ಅರವತ್ತಾರರ_ದಾರಿ

ಅಬ್ಬಾ! ಅಪ್ಪನಿಗೆ ಓದಿ ಹೇಳಿದೆ. "ಶೆರಿಫ್ಫೇ ದಲ್ಲಾಳಿನಾ?" ಅಂತ ಬಿದ್ದು ಬಿದ್ದು ನಕ್ಕರು. ಕಲ್ಲಂಗಡಿ ಕಥೆ ನಿಜಾನಾ ಸರ್?

ಹಳೇ_ನಕ್ಷೆ

1853ರ ಆಗಸ್ಟ್ 27. ಸೈಟು ಮಾರಾಟಕ್ಕೆ ಜನ ಸೇರಿದ್ದರು. ಊರು ಅಂತ ಏನೂ ಇಲ್ಲ. ಹುಲ್ಲು, ಗೂಟ, ಹಳಿ. ಲಿಂಕನ್ ಅಲ್ಲಿ ಮಾರಲು ಬಂದಿದ್ದ ಕಲ್ಲಂಗಡಿಯಲ್ಲಿ ಎರಡು ಕೊಂಡು, ಒಂದನ್ನ ಹೋಳು ಮಾಡಿ, ತಗಡಿನ ಲೋಟಕ್ಕೆ ರಸ ಹಿಂಡಿ, ನೆಲಕ್ಕೆ ಸುರಿದು ನಾಮಕರಣ ಮಾಡಿದ ಅನ್ನೋದು ಕಥೆ. ಆಗಸ್ಟ್ ಕೊನೆ ಇಲ್ಲಿ ಕಲ್ಲಂಗಡಿ ಕಾಲವೇ, ಹಾಗಾಗಿ ಅದರಲ್ಲಿ ಅಸಾಧ್ಯ ಏನಿಲ್ಲ.

ಸಂಶಯಪಿಶಾಚಿ

ಇಂಥ ಕಥೆಗಳ ಮೇಲೆ ನನಗೆ ನಂಬಿಕೆ ಕಮ್ಮಿ. ಲಿಂಕನ್ ದೊಡ್ಡವನಾದ ಮೇಲೆ ಇಲಿನಾಯ್‌ನ ಪ್ರತಿ ಊರಿಗೂ ಅವನದೊಂದು ಜೋಕು, ಅವನು ಕುಳಿತ ಒಂದು ಕುರ್ಚಿ ಸಿಕ್ಕಿಬಿಟ್ಟಿದೆ. ಅದಿರಲಿ. ಹಣ್ಣಿನ ಕಥೆ ಹೇಳಿ ಹೇಳಿ ನೆಲದ ವ್ಯಾಪಾರ ಮರೆಸಿದ್ದಾರೆ ಅನ್ನೋದೇ ನನ್ನ ತಕರಾರು. ಒಳಗಿನ ಸುದ್ದಿ ಇಟ್ಟುಕೊಂಡು ಜಾಗ ಕೊಂಡು, ಕಾನೂನು ಮಾಡಿಸಿ, ಕೋರ್ಟು ಎಳೆದುಕೊಂಡರು. ಅದಕ್ಕೆ ಪತ್ರ ಬರೆದುಕೊಟ್ಟವನು ‘ಪ್ರಾಮಾಣಿಕ ಏಬ್’ ಅಂತ ಜನ ಕರೆಯುವ ಲಿಂಕನ್!

ಕರಿಕೋಟು

ಸಂಶಯದವರೇ, ಕಕ್ಷಿದಾರ ಬಂದು ಪತ್ರ ಮಾಡಿಕೊಡಿ ಅಂದರೆ ವಕೀಲ ಮಾಡಿಕೊಡುತ್ತಾನೆ. ಅದರಲ್ಲಿ ಅಪರಾಧ ಎಲ್ಲಿಂದ ಬಂತು? ರೈಲು ನಿರ್ದೇಶಕರು ಸ್ಟೇಷನ್ ಜಾಗ ಕೊಳ್ಳಬಾರದು ಅನ್ನೋ ಕಾನೂನೂ ಆಗ ಇರಲಿಲ್ಲ. ರೈಲು ಬಂದ ಕಡೆಯೆಲ್ಲ ಇದೇ ನಡೆದದ್ದು.

ಆದರೆ ನಿಮ್ಮ ಮಾತಿಗೆ ಬಲ ಕೊಡುವ ಒಂದು ಕೇಸು ನಾನೇ ಹೇಳುತ್ತೇನೆ. ಇದೇ ಆಲ್ಟನ್ ಮತ್ತು ಸ್ಯಾಂಗಮನ್ ಕಂಪನಿಯದು. ಜೇಮ್ಸ್ ಬ್ಯಾರೆಟ್ ಅನ್ನೋ ಜಮೀನ್ದಾರ ಷೇರು ತೆಗೆದುಕೊಂಡಿದ್ದ, ಹಳಿ ತನ್ನ ನೆಲದ ಹತ್ತಿರ ಬರುತ್ತೆ ಅನ್ನೋ ಆಸೆಯಿಂದ. ಕಂಪನಿ ದಾರಿಯನ್ನು ನೇರ ಮಾಡಿ ಬೇರೆ ಕಡೆ ಒಯ್ದಿತು. ಬ್ಯಾರೆಟ್ ಷೇರಿನ ಕಂತು ಕಟ್ಟಲ್ಲ ಅಂದ. ಕಂಪನಿ ದಾವೆ ಹಾಕಿತು. ಕಂಪನಿಯ ವಕೀಲ ಲಿಂಕನ್. 1851ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಕಂಪನಿ ಪರ ತೀರ್ಪು ಕೊಟ್ಟಿತು. ದಾರಿ ಬದಲಾಯಿತು ಅಂತ ಷೇರುದಾರ ನುಣುಚಿಕೊಳ್ಳುವ ಹಾಗಿಲ್ಲ ಅಂತ. ಹಳಿ ಒಂದು ಗೆರೆ ಆಚೀಚೆ ಆದರೆ ಯಾರ ಮನೆ ತುಂಬುತ್ತೆ, ಯಾರ ಮನೆ ಮುಳುಗುತ್ತೆ ಅಂತ ಎರಡು ವರ್ಷ ಮೊದಲೇ ಲಿಂಕನ್‌ಗೆ ಚೆನ್ನಾಗಿ ಗೊತ್ತಿತ್ತು ಅನ್ನೋದರಲ್ಲಿ ಅನುಮಾನ ಇಲ್ಲ.

ಸರ್ವೆಕಲ್ಲು

ಮುಂದಿನ ಸಲ ಹೋದಾಗ ಫೋನಿನ ನಕ್ಷೆ ತೆಗೆದು ಇದೊಂದು ನೋಡಿ. ಊರ ಹೊರಗಿನ ಹೊಲದ ರಸ್ತೆಗಳೆಲ್ಲ ಉತ್ತರ ದಕ್ಷಿಣ, ಪೂರ್ವ ಪಶ್ಚಿಮ. ಗೆರೆ ಎಳೆದ ಹಾಗೆ ನೇರ. ಲಿಂಕನ್‌ನ ಪೇಟೆ ಬೀದಿಗಳು ಮಾತ್ರ ಓರೆ. ಕೋರ್ಟ್ ಚೌಕವೂ ಓರೆ. ಯಾಕೆ? ಹಳಿ ನೈರುತ್ಯದಿಂದ ಈಶಾನ್ಯಕ್ಕೆ ಹೋಗುತ್ತೆ. ಬೀದಿಗಳನ್ನ ಹಳಿಗೆ ಸಮಾನಾಂತರವಾಗಿ ಎಳೆದಿದ್ದಾರೆ. ದಿಕ್ಸೂಚಿ ನೋಡಿ ಕಟ್ಟಿದ ಊರಲ್ಲ, ಹಳಿ ನೋಡಿ ಕಟ್ಟಿದ ಊರು.

ಹೊಲದ ಗೆರೆಗಳ ಕಥೆ ಇನ್ನೂ ಹಳೇದು. 1785ರ ಭೂಮಿ ಕಾಯ್ದೆ. ಆರು ಮೈಲಿ ಉದ್ದ, ಆರು ಮೈಲಿ ಅಗಲದ ಟೌನ್‌ಶಿಪ್. ಅದರಲ್ಲಿ 36 ಸೆಕ್ಷನ್, ಒಂದೊಂದು 640 ಎಕರೆ. 16ನೇ ಸೆಕ್ಷನ್ ಶಾಲೆಗೆ ಮೀಸಲು. 1820ರ ನಂತರ ಸರ್ಕಾರದಿಂದ ಕೊಳ್ಳಲು ಎಕರೆಗೆ ಕಡಿಮೆ ಅಂದರೆ ಒಂದೂಕಾಲು ಡಾಲರ್. ಸ್ವಲ್ಪ ಕಾಲ ಲಿಂಕನ್ ಕೂಡ ಸರ್ವೆ ಕೆಲಸ ಮಾಡಿದ್ದ, ಸರಪಳಿ ಹಿಡಿದು ಊರುಗಳಿಗೆ ಗೂಟ ಹೊಡೆದಿದ್ದ.

ಜೋಳದ_ಹೊಲ

ಖಾಲಿ ನೆಲ, ಖಾಲಿ ಹುಲ್ಲುಗಾವಲು ಅಂತ ಎಲ್ಲರೂ ಬರೀತಾ ಇದ್ದೀರಿ. ಖಾಲಿ ಮಾಡಿಸಿದ್ದು ಅದು. ಇಲ್ಲಿದ್ದವರು ಕಿಕಾಪೂ ಅನ್ನೋ ಮೂಲನಿವಾಸಿ ಜನ. 1819ರಲ್ಲಿ ಎಡ್ವರ್ಡ್ಸ್‌ವಿಲ್ ಒಪ್ಪಂದದಲ್ಲಿ ಅವರಿಂದ ಮಧ್ಯ ಇಲಿನಾಯ್‌ನ ನೆಲ ಬರೆಸಿಕೊಂಡು ಮಿಸೌರಿಗೆ ಕಳಿಸಿದರು. ಅದೇ ವರ್ಷ ಜೇಮ್ಸ್ ಲ್ಯಾಥಮ್ ಎಲ್ಕ್‌ಹಾರ್ಟ್ ಗುಡ್ಡಕ್ಕೆ ಬಂದು ಮನೆ ಕಟ್ಟಿದ. ಈ ಕೌಂಟಿಯ ಮೊದಲ ಬಿಳಿಯ ನೆಲೆಗಾರ ಅಂತ ಅವನನ್ನೇ ಹೇಳುವುದು. ಮೇಲೆ ಬಂದ ಶೆರಿಫ್ ರಾಬರ್ಟ್ ಅವನ ಮಗ. ಕಿಕಾಪೂಗಳ ಹೆಸರು ಈಗ ಒಂದು ಹಳ್ಳಕ್ಕೂ ಪೇಟೆಯ ಒಂದು ಬೀದಿಗೂ ಉಳಿದಿದೆ.

ಮೊದಲು ಬಂದವರು ಬಯಲಿಗೆ ಇಳಿಯಲಿಲ್ಲ, ಹಳ್ಳದ ಬದಿಯ ಕಾಡಿನ ಅಂಚಿನಲ್ಲೇ ಇದ್ದರು. ಮನೆಗೆ ಮರ ಬೇಕು, ಒಲೆಗೆ ಸೌದೆ ಬೇಕು, ಬೇಲಿ ಬೇಕು. ಹುಲ್ಲಿನ ಬೇರು ಹೆಣೆದುಕೊಂಡ ಆ ಕಪ್ಪು ಮಣ್ಣು ಹಳೇ ನೇಗಿಲಿಗೆ ಮೆತ್ತಿಕೊಂಡು ಬಿಡುತ್ತಿರಲಿಲ್ಲ. ಹೆಜ್ಜೆ ಹೆಜ್ಜೆಗೂ ನಿಂತು ಕೆರೆಯಬೇಕು. ಜಾನ್ ಡಿಯರ್ ಇದೇ ರಾಜ್ಯದ ಗ್ರ್ಯಾಂಡ್ ಡಿಟೂರ್‌ನಲ್ಲಿ ಉಕ್ಕಿನ ನೇಗಿಲು ಮಾಡಿದ್ದು 1837ರಲ್ಲಿ. ಆ ಮೇಲೆ ಬಯಲು ಹೊಲವಾಯಿತು. ಬೆಳೆ ಸಾಗಿಸಲು ರೈಲು ಬಂತು.

ಪುಲಾಸ್ಕಿ_ಪರ

ಎಲ್ಲರೂ ಗೆದ್ದ ಊರಿನ ಕಥೆ ಹೇಳ್ತಿದ್ದೀರಿ, ಸೋತವರದ್ದೂ ಕೇಳಿ. ಮೌಂಟ್ ಪುಲಾಸ್ಕಿ 1836ರಲ್ಲಿ ಶುರುವಾದ ಊರು. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಹೋರಾಡಿ ಸತ್ತ ಪೋಲೆಂಡಿನ ಕ್ಯಾಸಿಮಿರ್ ಪುಲಾಸ್ಕಿ ಹೆಸರು. ಕೌಂಟಿ ಕೇಂದ್ರ ತಮ್ಮ ಊರಿಗೆ ಬರಲಿ ಅಂತ ಅಲ್ಲಿನ ಜನ ಕೈಯಿಂದ ದುಡ್ಡು ಹಾಕಿದರು. ಸುಮಾರು 3,000 ಡಾಲರ್ ಖರ್ಚಿನಲ್ಲಿ ಇಟ್ಟಿಗೆಯ ಕೋರ್ಟ್ ಎದ್ದಿತು, ಬಹುಪಾಲು ಊರವರದೇ ವಂತಿಗೆ. ಕೆಳಗೆ ಕಚೇರಿಗಳು, ಮೇಲೆ ಕೋರ್ಟ್ ಹಾಲ್. ಏಳೆಂಟು ವರ್ಷ ಅನುಭವಿಸುವುದರೊಳಗೆ ಕೇಂದ್ರ ಕೈಬಿಟ್ಟಿತು. ಆಮೇಲೆ ಆ ಕಟ್ಟಡ ಶಾಲೆ ಆಯಿತು, ಇನ್ನೇನೇನೋ ಆಯಿತು.

ಆದರೆ ಈಗ ನೋಡಿ. ಪೋಸ್ಟ್‌ವಿಲ್‌ನದು ಮಿಶಿಗನ್‌ಗೆ ಹೋಯಿತು. ಲಿಂಕನ್ ಊರಿನಲ್ಲಿ ಕಟ್ಟಿದ ಮೊದಲ ಕೋರ್ಟ್ 1857ರಲ್ಲಿ ಸುಟ್ಟುಹೋಯಿತು, ಕೌಂಟಿಯ ದಾಖಲೆಗಳ ಸಮೇತ. ಎಂಟನೇ ಸರ್ಕಿಟ್‌ನ ಕೋರ್ಟ್‌ಗಳಲ್ಲಿ ತನ್ನದೇ ಜಾಗದಲ್ಲಿ ಇನ್ನೂ ನಿಂತಿರುವುದು ಇಲಿನಾಯ್‌ನಲ್ಲಿ ಎರಡೇ. ಒಂದು ಮೆಟಮೋರಾ, ಇನ್ನೊಂದು ನಮ್ಮ ಮೌಂಟ್ ಪುಲಾಸ್ಕಿ.

ಅಲ್ಲಿ ನಡೆದ ಒಂದು ಕೇಸು ಕೇಳಿ. ತಾನೇ ತೂಗುವ ತೊಟ್ಟಿಲು! ಗಡಿಯಾರದ ಯಂತ್ರ ಇಟ್ಟು, ಒಮ್ಮೆ ಕೀಲಿ ಕೊಟ್ಟರೆ ಮಗುವನ್ನ ತೂಗುತ್ತಾ ಇರುವಂಥದ್ದು. ಅದರ ಪೇಟೆಂಟ್ ಹಕ್ಕಿನ ಜಗಳ. ಲಿಂಕನ್ ಅದರ ಮಾದರಿಯನ್ನ ಕೋರ್ಟಿಗೆ ತಂದು ಆಡಿಸಿ ತೋರಿಸಿದ. ಇದನ್ನ ನಿಲ್ಲಿಸೋದು ಹೇಗೆ ಅಂತ ನ್ಯಾಯಾಧೀಶ ಡೇವಿಸ್ ಕೇಳಿದರೆ, ಇದೂ ನಮ್ಮಲ್ಲಿನ ಕೆಲವು ಮಾತುಗಾರರ ಹಾಗೆ, ಶುರುವಾದರೆ ನಿಲ್ಲಿಸೋದು ಗೊತ್ತಿಲ್ಲ ಅಂದನಂತೆ.

ಚಿಕಾಗೋ_ಚಳಿ

ಸಂಶಯದವರು ಇದಕ್ಕೂ ಸಾಕ್ಷಿ ಕೇಳ್ತಾರೆ ನೋಡಿ ಈಗ!

ಸಂಶಯಪಿಶಾಚಿ

ಇಲ್ಲ ಬಿಡಿ, ಇದು ವಕೀಲರ ಬಾಯಲ್ಲಿ ಬರುವಂಥ ಮಾತೇ. 😀 ಮತ್ತೆ ನನ್ನ ಪ್ರಶ್ನೆ ಅಲ್ಲೇ ಇದೆ. ಲಿಂಕನ್ ಆ ಊರಲ್ಲಿ ಸೈಟು ಮಾಡಿಕೊಂಡನಾ ಇಲ್ವಾ?

ಅರವತ್ತಾರರ_ದಾರಿ

ಅದರ ಜೊತೆ, ಊರಿನಲ್ಲಿ ಲಿಂಕನ್ ಕಾಲೇಜ್ ಅಂತ ಬೋರ್ಡ್ ಇತ್ತು, ಆದರೆ ಬಾಗಿಲು ಹಾಕಿತ್ತು. ಅದೂ ಹಳೇದಾ?

ಹಳೇ_ನಕ್ಷೆ

ಹಳೇದೇ. 1865ರ ಫೆಬ್ರವರಿಯಲ್ಲಿ ಅನುಮತಿ ಸಿಕ್ಕಿ, ಅದೇ ತಿಂಗಳು 12ರಂದು, ಲಿಂಕನ್ ಹುಟ್ಟುಹಬ್ಬದ ದಿನ, ಗುದ್ದಲಿ ಪೂಜೆ ಆಯಿತು. ಅವನು ಕಂಡ ಕೊನೆಯ ಹುಟ್ಟುಹಬ್ಬ ಅದು. ಏಪ್ರಿಲ್‌ನಲ್ಲಿ ಕೊಲೆಯಾಯಿತು. ಮೇ 3ರ ಬೆಳಿಗ್ಗೆ ಶವದ ರೈಲು ಸ್ಪ್ರಿಂಗ್‌ಫೀಲ್ಡ್‌ಗೆ ಹೋಗುವಾಗ ಇದೇ ಹಳಿಯಲ್ಲಿ, ಇದೇ ಊರಿನ ಮೂಲಕ ಹೋಯಿತು. ಜೀವಂತ ಇದ್ದಾಗ ಈ ಊರಿನಲ್ಲಿ ಕೊನೆಗೆ ಜನರ ಮುಂದೆ ಮಾತಾಡಿದ್ದು 1860ರ ನವೆಂಬರ್ 21ರಂದು. ಚುನಾವಣೆ ಗೆದ್ದು ಚಿಕಾಗೋಗೆ ಹೋಗುತ್ತಾ ರೈಲು ನಿಂತಾಗ ನಾಲ್ಕು ಮಾತು. ಕಾಲೇಜು ಎರಡು ಮಹಾಯುದ್ಧ ದಾಟಿತು. ಕೋವಿಡ್ ಮತ್ತು 2021ರ ಡಿಸೆಂಬರಿನಲ್ಲಿ ಆದ ಸೈಬರ್ ದಾಳಿ ದಾಟಲಾಗದೆ 2022ರ ಮೇನಲ್ಲಿ ಮುಚ್ಚಿತು. ಗುಮ್ಮಟದ ಕೋರ್ಟ್ 1905ರದ್ದು.

ಸಂಶಯದವರ ಪ್ರಶ್ನೆಗೆ: ಹೌದು, ಸೈಟು ಇತ್ತು. ಆದರೆ 1853ರ ಮಾರಾಟದಲ್ಲಿ ಕೊಂಡದ್ದಲ್ಲ. ಜೇಮ್ಸ್ ಪ್ರಿಮ್ ಅನ್ನೋ ಪರಿಚಯಸ್ಥನ 400 ಡಾಲರ್ ಸಾಲಕ್ಕೆ ಲಿಂಕನ್ ಜಾಮೀನು ನಿಂತಿದ್ದ. ಪ್ರಿಮ್ ಕೈಯೆತ್ತಿದ. ದುಡ್ಡು ಲಿಂಕನ್ನೇ ಕಟ್ಟಬೇಕಾಯಿತು. ಅದಕ್ಕೆ ಬದಲಾಗಿ 1858ರಲ್ಲಿ ಕೋರ್ಟ್ ಚೌಕದ ಬಳಿ ಇದ್ದ ಒಂದು ಸೈಟನ್ನು ಪ್ರಿಮ್ ಅವನ ಹೆಸರಿಗೆ ಬರೆದುಕೊಟ್ಟ. ತನ್ನ ಹೆಸರಿನ ಊರಿನಲ್ಲಿ ಲಿಂಕನ್‌ಗೆ ಸಿಕ್ಕ ನೆಲ, ಜಾಮೀನು ನಿಂತು ಕೈ ಸುಟ್ಟುಕೊಂಡು ಸಿಕ್ಕದ್ದು.

ಕರಿಕೋಟು

ಯಾವ ವಕೀಲನೂ ಕಕ್ಷಿದಾರನಿಗೆ ಜಾಮೀನು ನಿಲ್ಲು ಅಂತ ಹೇಳಲ್ಲ. ತಾನು ಮಾತ್ರ ನಿಲ್ಲುತ್ತಾನೆ!